ಕೊಚ್ಚಿ ಬಂದರಿನ ದಡದಲ್ಲಿ ಮೂರು ದಿನ

ಹೋಟೆಲು ನಡೆಸುವವರು ಪ್ರವಾಸ ಹೊರಟರೂ ಅರ್ಧ ಮನಸ್ಸು ಗಲ್ಲೆಯ ಹತ್ತಿರವೇ ಉಳಿದಿರುತ್ತದೆ. ಆದರೂ ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಸಂಘದ ಹನ್ನೊಂದು ಮಂದಿ ಸದಸ್ಯರು ಮುಂಬಯಿಯಿಂದ ಹೊರಟು ಕೊಚ್ಚಿಯಲ್ಲಿ ಮೂರು ದಿನ ಉಳಿದು ಬಂದೆವು. ಇದು ಬರೀ ಮೋಜಿನ ಪ್ರವಾಸವಾಗಿರಲಿಲ್ಲ. ನಮ್ಮಲ್ಲಿ ನಾಲ್ವರಿಗೆ ಊರಿನಲ್ಲಿ, ಅಂದರೆ ಕುಂದಾಪುರ, ಬೈಂದೂರು, ಹೊನ್ನಾವರದ ಕಡೆ, ನೀರಿನ ಬದಿಯಲ್ಲೇ ಹಿರಿಯರ ಜಾಗವಿದೆ. "ಮುಂಬಯಿಯಲ್ಲಿ ಬಾಡಿಗೆ ಕಟ್ಟಿ ಸಾಕಾಯಿತು, ಅಲ್ಲೊಂದು ರೆಸಾರ್ಟು ಮಾಡುವ" ಎಂದು ಮಕ್ಕಳು ಹೇಳುತ್ತಿದ್ದಾರೆ. ಒಬ್ಬರ ಮನೆಯಲ್ಲಂತೂ ಎಂಜಿನಿಯರರು ಪ್ಲಾನು ಬರೆದುಕೊಟ್ಟಾಗಿದೆ, ಬ್ಯಾಂಕಿನವರ ಜತೆ ಎರಡು ಸುತ್ತು ಮಾತುಕತೆಯೂ ಮುಗಿದಿದೆ. ಹಣ ಹಾಕುವ ಮೊದಲು, ಐನೂರು ವರ್ಷಗಳಿಂದ ನೀರನ್ನೇ ನಂಬಿ ಬಾಳಿದ ಒಂದು ಬಂದರು ಪೇಟೆಯನ್ನು ಹೋಟೆಲಿಗರ ಕಣ್ಣಿನಿಂದ ನೋಡಿ ಬರೋಣ ಎಂದು ಹೊರಟೆವು.

ಕೊಚ್ಚಿಗೆ ಹೋಗುವುದು ಈಗ ಸುಲಭ. ಮುಂಬಯಿಯವರಿಗೆ ಕುರ್ಲಾ ಟರ್ಮಿನಸ್ಸಿನಿಂದ ನೇತ್ರಾವತಿ, ಪುಣೆಯವರಿಗೆ ಪೂರ್ಣಾ, ದಿಲ್ಲಿಯವರಿಗೆ ಮಂಗಳಾ, ಹೈದರಾಬಾದಿನವರಿಗೆ ಶಬರಿ, ಚೆನ್ನೈಯವರಿಗೆ ಆಲಪ್ಪುಳ ಎಕ್ಸ್‌ಪ್ರೆಸ್ಸು. ಎಲ್ಲವೂ ಎರ್ನಾಕುಲಂ ಮೂಲಕ ಹೋಗುತ್ತವೆ, ಇಲ್ಲವೇ ಅಲ್ಲಿಯೇ ಮುಗಿಯುತ್ತವೆ. ನೇತ್ರಾವತಿ ಉಡುಪಿಯಲ್ಲಿ ನಿಂತಾಗ ನಮ್ಮಲ್ಲಿ ಇಬ್ಬರು "ಇಲ್ಲೇ ಇಳಿದುಬಿಡುವ ಮಾರಾಯ್ರೆ" ಎಂದು ಎದ್ದು ನಿಂತದ್ದೂ ಉಂಟು! ಹೇಗೋ ಕೂರಿಸಿಕೊಂಡು ಹೋದೆವು.

ಎರ್ನಾಕುಲಂ ಬೇರೆ, ಫೋರ್ಟ್ ಕೊಚ್ಚಿ ಬೇರೆ. ಎರ್ನಾಕುಲಂ ನಮ್ಮ ಅಂಧೇರಿಯಂತೆ ಗಲಾಟೆಯ ಹೊಸ ಪಟ್ಟಣ. ಹಳೆಯ ಬಂದರು ಇರುವುದು ಹಿನ್ನೀರಿನ ಆಚೆ. ರಿಕ್ಷಾದಲ್ಲಿ ಸೇತುವೆ ಸುತ್ತಿಕೊಂಡೂ ಹೋಗಬಹುದು, ಆದರೆ ಬಂದರಿಗೆ ನೀರಿನ ದಾರಿಯಿಂದಲೇ ಹೋಗಬೇಕು. 2023ರ ಏಪ್ರಿಲಿನಲ್ಲಿ ಇಲ್ಲಿ ವಾಟರ್ ಮೆಟ್ರೋ ಪ್ರಾರಂಭವಾಯಿತು. ಬ್ಯಾಟರಿಯಿಂದ ನಡೆಯುವ ಹವಾನಿಯಂತ್ರಿತ ದೋಣಿಗಳು, ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ. 2024ರಿಂದ ಹೈಕೋರ್ಟ್ ನಿಲ್ದಾಣದಿಂದ ಫೋರ್ಟ್ ಕೊಚ್ಚಿಗೂ ಹೋಗುತ್ತವೆ. ಉಬ್ಬರ ಇಳಿತಕ್ಕೆ ತಕ್ಕಂತೆ ದಕ್ಕೆಯೇ ಏರಿಳಿಯುವುದರಿಂದ ಗಾಲಿಕುರ್ಚಿಯವರೂ ಸಲೀಸಾಗಿ ಹತ್ತಬಹುದು. ಮೊಣಕಾಲು ನೋವಿನ ನಮ್ಮ ಹಿರಿಯ ಸದಸ್ಯರೊಬ್ಬರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಅದರ ಪಕ್ಕದಲ್ಲೇ ಕೇರಳ ಸರಕಾರದ ಜಲಸಾರಿಗೆಯ ಹಳೆಯ ದೋಣಿಯೂ ಇದೆ. ಅದರ ಟಿಕೆಟು ಒಂದು ಚಹಾದ ಬೆಲೆಗಿಂತ ಕಡಮೆ. ಹೋಗುವಾಗ ಇದರಲ್ಲಿ, ಬರುವಾಗ ಅದರಲ್ಲಿ ಬಂದೆವು. ಗಾಳಿ ಮುಖಕ್ಕೆ ಬಡಿಯುವುದು ಹಳೆಯ ದೋಣಿಯಲ್ಲಿಯೇ.

ದಾರಿಯಲ್ಲಿ ಎಡಗಡೆಗೆ ಕಾಣುವ ವಿಲ್ಲಿಂಗ್ಡನ್ ದ್ವೀಪ ದೇವರು ಮಾಡಿದ್ದಲ್ಲ, ಹೂಳಿನಿಂದ ಆದದ್ದು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಅಡ್ಡವಾಗಿದ್ದುದರಿಂದ ದೊಡ್ಡ ಹಡಗುಗಳು ಹೊರಗೆ ಸಮುದ್ರದಲ್ಲೇ ನಿಲ್ಲಬೇಕಿತ್ತು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಆ ದಿಬ್ಬವನ್ನು ಕಡಿದು, ಅಗೆದ ಮಣ್ಣನ್ನು ಒಂದೆಡೆ ಸುರಿದು ದ್ವೀಪವನ್ನೇ ನಿರ್ಮಿಸಿದ. 1928ರ ಮೇ ತಿಂಗಳಿನಲ್ಲಿ ಒಳಬಂದರಿಗೆ ಬಂದ ಮೊದಲ ಹಡಗು 'ಪದ್ಮಾ', ಅದು ಬಂದದ್ದು ನಮ್ಮ ಮುಂಬಯಿಯಿಂದ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕರಾವಳಿಯಿಂದ ಮುಂಬಯಿಗೆ ಹೋದದ್ದು ಅಂಥ ಹಡಗುಗಳ ಡೆಕ್ಕಿನಲ್ಲಿ ಚಾಪೆ ಹಾಸಿಕೊಂಡೇ ಅಲ್ಲವೇ?

ಕೊಚ್ಚಿ ಹುಟ್ಟಿದ್ದೇ ಒಂದು ನೆರೆಯಿಂದ ಎನ್ನುತ್ತಾರೆ. ರೋಮಿನವರು, ಅರಬರು ಮೆಣಸಿಗಾಗಿ ಬರುತ್ತಿದ್ದ ಮುಜಿರಿಸ್ ಬಂದರು ಉತ್ತರಕ್ಕೆ ಕೊಡುಂಗಲ್ಲೂರಿನ ಸುತ್ತಮುತ್ತ ಇತ್ತು. 1341ರಲ್ಲಿ ಪೆರಿಯಾರ್ ನದಿಗೆ ಭಾರೀ ನೆರೆ ಬಂದು ಅಲ್ಲಿಯ ಬಾಯಿ ಹೂಳಿನಿಂದ ಮುಚ್ಚಿತು, ಕೊಚ್ಚಿಯ ಬಾಯಿ ತೆರೆಯಿತು ಎಂಬುದು ರೂಢಿಯಲ್ಲಿರುವ ಮಾತು. 1500ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಕಬ್ರಾಲ್ ಇಲ್ಲಿಗೆ ಬಂದ. 1663ರಲ್ಲಿ ಡಚ್ಚರು ಅವರನ್ನು ಓಡಿಸಿದರು, 1795ರಲ್ಲಿ ಇಂಗ್ಲಿಷರು ಡಚ್ಚರನ್ನು ಓಡಿಸಿದರು. ಮೂವರೂ ಬಂದದ್ದು ಮೆಣಸಿಗಾಗಿ. ನಾವು ಪೊಂಗಲ್ಲಿಗೆ ಒಂದು ಹಿಡಿ ಹಾಕಿ ಮರೆತುಬಿಡುವ ಅದೇ ಕಾಳುಮೆಣಸು. ಈ ವ್ಯಾಪಾರದಲ್ಲಿ ನಮ್ಮ ಕರಾವಳಿಯೂ ಹಿಂದೆ ಬಿದ್ದಿರಲಿಲ್ಲ. ಹೊನ್ನಾವರ, ಭಟ್ಕಳ, ಬಸ್ರೂರು ಇವೇ ಹಡಗುಗಳು ತಾಗುತ್ತಿದ್ದ ಬಂದರುಗಳು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಇಂದು ಬಸ್ರೂರಿಗೆ ಹೋದರೆ ಅಷ್ಟು ದೊಡ್ಡ ಬಂದರಿತ್ತೆಂದು ಯಾರಾದರೂ ಬೆರಳು ತೋರಿಸಿ ಹೇಳಬೇಕು. ಕೊಚ್ಚಿಯಲ್ಲಿ ಯಾರೂ ಹೇಳಬೇಕಾಗಿಲ್ಲ, ಮೂಗಿಗೇ ಗೊತ್ತಾಗುತ್ತದೆ.

ಚೀನಾ ಬಲೆಯ ಹತ್ತಿರ

ದೋಣಿಯಿಂದ ಇಳಿದು ಸ್ವಲ್ಪ ನಡೆದರೆ ಕ್ಯಾಲೆಂಡರುಗಳಲ್ಲಿ ಕಾಣುವ ಆ ದೊಡ್ಡ ಬಲೆಗಳು. ಮಲಯಾಳದಲ್ಲಿ ಚೀನವಲ. ಹಳೆಯ ಕಾಲದಲ್ಲಿ ಚೀನಾದ ವ್ಯಾಪಾರಿಗಳು ತಂದರು ಎಂದು ಒಂದು ವಾದ, ಮಕಾವ್‌ನಿಂದ ಪೋರ್ಚುಗೀಸರು ತಂದರು ಎಂದು ಇನ್ನೊಂದು. ದೂರದಿಂದ ಕೊಕ್ಕರೆ ಬಾಗಿ ನಿಂತಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಒಂದು ದೊಡ್ಡ ತಕ್ಕಡಿ. ಒಂದು ತುದಿಯಲ್ಲಿ ನೀರಿನ ಮೇಲೆ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ಕಟ್ಟಿದ ದೊಡ್ಡ ದೊಡ್ಡ ಕಲ್ಲುಗಳು. ಒಬ್ಬ ಮರದ ತೊಲೆಯ ಮೇಲೆ ನಡೆದು ಹೋದರೆ ಅವನ ಭಾರಕ್ಕೇ ಬಲೆ ಮುಳುಗುತ್ತದೆ. ಕೆಲವು ನಿಮಿಷ ಬಿಟ್ಟು ನಾಲ್ಕಾರು ಮಂದಿ ಸೇರಿ ಹಗ್ಗ ಎಳೆಯುತ್ತಾರೆ, ಕಲ್ಲುಗಳು ಒಂದೊಂದಾಗಿ ಕೆಳಗಿಳಿದು ಬಲೆ ಮೇಲೇಳುತ್ತದೆ. ಡೀಸೆಲ್ ಇಲ್ಲ, ಕರೆಂಟಿಲ್ಲ.

ನಾವು ಬೆಳಿಗ್ಗೆ ಆರೂವರೆಗೆ ಹೋಗಿ ಎರಡು ಗಂಟೆ ಕೂತು ನೋಡಿದೆವು. ಒಂದು ಸಲ ಎಳೆದಾಗ ಸಿಕ್ಕಿದ್ದು ಒಂದು ಬುಟ್ಟಿಯ ತಳ ಮುಚ್ಚುವಷ್ಟು ಸಣ್ಣ ಮೀನು, ಎರಡು ಏಡಿ, ಮತ್ತು ಒಂದು ಹೊರೆ ಅಂತರಗಂಗೆ. ಇನ್ನೊಂದು ಸಲ ಬರೀ ಅಂತರಗಂಗೆ ಮತ್ತು ಪ್ಲಾಸ್ಟಿಕ್ ಚೀಲಗಳು. ಹಿನ್ನೀರಿನಿಂದ ತೇಲಿ ಬರುವ ಈ ಕಳೆ ಬಲೆಯನ್ನು ಹರಿಯುತ್ತದೆ, ಹೂಳು ತುಂಬಿ ದಡದ ನೀರು ಆಳ ಕಳೆದುಕೊಂಡಿದೆ. ಹಿಂದೆ ತೇಗದ ಮರ, ಬಿದಿರಿನಿಂದ ಕಟ್ಟುತ್ತಿದ್ದ ಬಲೆಗಳಲ್ಲಿ ಈಗ ಕಬ್ಬಿಣದ ಪೈಪುಗಳೇ ಹೆಚ್ಚು, ತೇಗದ ಬೆಲೆ ಕೈಗೆ ನಿಲುಕುವಂತಿಲ್ಲ. ಫೋರ್ಟ್ ಕೊಚ್ಚಿಯ ದಡದಲ್ಲಿ ಉಳಿದ ಬಲೆಗಳನ್ನು ಕೂತಲ್ಲಿಂದಲೇ ಎಣಿಸಬಹುದು.

ಹಗ್ಗ ಎಳೆಯುವವರಲ್ಲಿ ವಯಸ್ಸಾದ ಒಬ್ಬರ ಹತ್ತಿರ ನಮ್ಮ ಕಾಸರಗೋಡಿನ ಸದಸ್ಯರು ಮಲಯಾಳದಲ್ಲಿ ಮಾತು ತೆಗೆದರು. "ಚೇಟ್ಟಾ, ದಿನಕ್ಕೆ ಎಷ್ಟು ಬೀಳುತ್ತದೆ?" ಎಂದರೆ ಅವರು ನಕ್ಕರು. ಬಂದ ಮೀನಿನ ಹಣದಲ್ಲಿ ಬಲೆಯ ಮಾಲಿಕನಿಗೊಂದು ಪಾಲು ಹೋಗಿ ಉಳಿದದ್ದು ಎಳೆದವರಿಗೆ ಹಂಚಿಕೆಯಂತೆ. ಮೀನಿಲ್ಲದ ದಿನ, ಪ್ರವಾಸಿಗರು ಹಗ್ಗ ಹಿಡಿದು ಫೋಟೊ ತೆಗೆಸಿಕೊಂಡು ಕೊಡುವ ನೋಟೇ ಗತಿ. "ಫೋಟೊ ತೆಗೆಯುವವರು ನೂರು ಮಂದಿ, ಕೊಡುವವರು ಐದು ಮಂದಿ" ಎಂದರು. ದೂರಿನ ಧ್ವನಿ ಇರಲಿಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದರು.

ಈ ಮಾತು ನಮ್ಮನ್ನು ಬಿಡಲಿಲ್ಲ. ಆ ದಡದ ಅರ್ಧ ಮೈಲಿಯೊಳಗೆ ಎಷ್ಟು ಹೋಟೆಲು, ಎಷ್ಟು ಕೆಫೆ, ಎಷ್ಟು ಹೋಮ್‌ಸ್ಟೇ! ಎಲ್ಲರ ಬೋರ್ಡಿನಲ್ಲೂ ಮೆನು ಕಾರ್ಡಿನಲ್ಲೂ ಅದೇ ಬಲೆಯ ಚಿತ್ರ. ಆ ಬಲೆ ನಿಂತರೆ ಬೋರ್ಡಿನ ಮೇಲೆ ಏನು ಬರೆಸುತ್ತಾರೆ? ನಮ್ಮ ಹಿರಿಯ ಸದಸ್ಯರೊಬ್ಬರು ಲೆಕ್ಕ ಹಾಕಿದರು: ಸುತ್ತಲಿನ ಹೋಟೆಲಿನವರು ಬೆಳಗಿನ ಮೀನನ್ನು ಚೌಕಾಸಿ ಮಾಡದೆ ಈ ದಡದಲ್ಲೇ ಕೊಂಡರೆ ಸಾಕು, ಎಳೆಯುವವರ ಮಕ್ಕಳಲ್ಲಿ ಒಬ್ಬನಾದರೂ ಕಸುಬಿನಲ್ಲಿ ನಿಂತಾನು. ಕೆಲವರು ಕೊಳ್ಳುತ್ತಾರೆ, ಅದನ್ನೂ ಕಂಡೆವು. ಹೆಚ್ಚಿನವರಿಗೆ ಟೆಂಪೊದಲ್ಲಿ ಐಸು ಪೆಟ್ಟಿಗೆ ಬರುತ್ತದೆ.

ಬಲೆಯ ಹಿಂದೆಯೇ ಮೀನಿನ ಅಂಗಡಿಗಳು, ಅದರ ಹಿಂದೆ "ನೀವು ಕೊಳ್ಳಿ, ನಾವು ಬೇಯಿಸುತ್ತೇವೆ" ಎನ್ನುವ ಸಣ್ಣ ಅಡುಗೆಮನೆಗಳು. ಕರಿಮೀನು, ಸೀಗಡಿ, ಏಡಿ ಆರಿಸಿ ಕೊಂಡು ಪಕ್ಕದಲ್ಲಿ ಕೊಟ್ಟರೆ ಮಸಾಲೆ ಹಾಕಿ ಹುರಿದೋ, ಬಾಳೆಲೆಯಲ್ಲಿ ಕಟ್ಟಿ ಸುಟ್ಟೋ ಕೊಡುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಬಹಳ ಚೆನ್ನಾದ ಯೋಚನೆ ಇದು. ಮಾಲಿನ ದಾಸ್ತಾನು ಇಲ್ಲ, ಕೊಳೆತು ಹೋಗುವ ಭಯವಿಲ್ಲ, ಗಿರಾಕಿಗೆ ತಾಜಾತನ ಕಣ್ಣೆದುರೇ ಖಾತ್ರಿ. ಆದರೆ ನಾವು ಹೋದ ಒಂದು ಕಡೆ ಹುರಿಯುವ ಕೂಲಿ ಕಿಲೋ ಲೆಕ್ಕವೋ ಪ್ಲೇಟು ಲೆಕ್ಕವೋ ಎಂಬುದನ್ನು ಊಟ ಮುಗಿದ ಮೇಲೆಯೇ ಹೇಳಿದರು. ನಮ್ಮ ಪಕ್ಕದ ಮೇಜಿನ ಉತ್ತರ ಭಾರತದ ಕುಟುಂಬವೊಂದು ಬಿಲ್ಲು ನೋಡಿ ಜಗಳಕ್ಕೇ ನಿಂತಿತು. ಮೀನು ಒಳ್ಳೆಯದೇ ಇತ್ತು, ಅಡುಗೆಯೂ ಒಳ್ಳೆಯದೇ ಇತ್ತು. ಗೋಡೆಗೆ ಒಂದು ದರಪಟ್ಟಿ ತೂಗುಹಾಕಿದ್ದರೆ ಆ ಕುಟುಂಬ ಮಾರನೆಯ ದಿನವೂ ಬರುತ್ತಿತ್ತು. ಎರಡು ಅಂಗಡಿ ಆಚೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದರ ಬರೆದಿಟ್ಟವನ ಮೇಜುಗಳು ತುಂಬಿದ್ದವು.

ಸಸ್ಯಾಹಾರಿಗಳಾದ ನಮ್ಮ ನಾಲ್ವರಿಗೆ ತೊಂದರೆಯೇನೂ ಆಗಲಿಲ್ಲ. ಪುಟ್ಟು-ಕಡಲೆ, ಅಪ್ಪ-ಇಷ್ಟೂ ಎಲ್ಲಿಯೂ ಸಿಗುತ್ತದೆ. ಮೀನಿನ ಸಾರಿಗೆ ಇಲ್ಲಿ ಹಾಕುವ ಹುಳಿ ಕುಡಂಪುಳಿ, ನಮ್ಮ ಕಡೆ ಇದನ್ನೇ ಉಪ್ಪಾಗೆ ಎನ್ನುತ್ತಾರೆ. ನಮ್ಮ ಪುನರ್ಪುಳಿಗೆ ಇದು ದಾಯಾದಿ, ಅದೇ ಅಲ್ಲ. ಒಬ್ಬರು ಎರಡು ಕಿಲೋ ಕಟ್ಟಿಸಿಕೊಂಡು ಬಂದಿದ್ದಾರೆ, ಮೀನಿನ ಮೆನು ಇಟ್ಟವರು ಕೇಳಿ ನೋಡಬಹುದು.

ಒಳಗಿನ ಬೀದಿಗಳು

ದಡದಿಂದ ಒಂದು ಬೀದಿ ಒಳಗೆ ಸರಿದರೆ ಬೇರೆಯೇ ಲೋಕ. ದೊಡ್ಡ ಮಳೆಮರಗಳ ನೆರಳು, ಡಚ್ಚರ ಕಾಲದ ದಪ್ಪ ಗೋಡೆಗಳ ಮನೆಗಳು. ಸೇಂಟ್ ಫ್ರಾನ್ಸಿಸ್ ಚರ್ಚು 1503ರ ಮರದ ಪ್ರಾರ್ಥನಾಲಯದಿಂದ ಬೆಳೆದದ್ದು. 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಇಲ್ಲಿಯೇ, ಮುಂದೆ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಚರ್ಚಿನ ಮಾಡಿನಿಂದ ತೂಗುವ ಉದ್ದನೆಯ ಬಟ್ಟೆಯ ಬೀಸಣಿಗೆಗಳು ಇನ್ನೂ ಇವೆ. ಹೊರಗೆ ಕೂತ ಆಳು ಹಗ್ಗ ಎಳೆದರೆ ಒಳಗೆ ಕೂತವರಿಗೆ ಗಾಳಿ. ಕೋಟೆ ಎಂದು ಹುಡುಕಿಕೊಂಡು ಹೋದವರಿಗೆ ಮಾತ್ರ ನಿರಾಸೆ, ಹೆಸರು ಬಿಟ್ಟರೆ ಕೋಟೆ ಉಳಿದಿಲ್ಲವೆಂದೇ ಹೇಳಬೇಕು.

ನಾವು ಇಳಿದುಕೊಂಡದ್ದು ಇಂಥ ಒಂದು ಬೀದಿಯ ಹೋಮ್‌ಸ್ಟೇಯಲ್ಲಿ, ಹನ್ನೊಂದು ಮಂದಿ ಎರಡು ಮನೆಗಳಲ್ಲಿ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಮ್‌ಸ್ಟೇಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಡುತ್ತದೆ, ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು. ನಮ್ಮ ಮನೆಯೊಡತಿ ಬೆಳಿಗ್ಗೆ ಎಂಟಕ್ಕೆ ತಾವೇ ಅಪ್ಪ ಹಾಕಿ ಬಡಿಸಿದರು. ಮೂರು ಕೋಣೆ, ಒಬ್ಬ ಸಹಾಯಕಿ, ಖರ್ಚು ಸ್ವಲ್ಪ. ನಮ್ಮವರು ಕೂಡಲೇ ಕೋಣೆ ಬಾಡಿಗೆಯಿಂದ ವಿದ್ಯುತ್ ಬಿಲ್ಲಿನವರೆಗೆ ಎಲ್ಲ ಕೇಳಿ ತಿಳಿದುಕೊಂಡರು, ಆಕೆ ಬೇಸರಿಸದೆ ಹೇಳಿದರು. ಅವರ ಮನೆಯಿಂದ ಸಮುದ್ರ ಕಾಣುವುದಿಲ್ಲ. "ಸಮುದ್ರ ನೋಡಲು ಐದು ನಿಮಿಷ ನಡೆಯುತ್ತಾರೆ, ನಡೆದು ಬಂದ ಮೇಲೆ ಹಸಿವಾಗುತ್ತದೆ" ಎಂದರು ನಗುತ್ತಾ!

ಹೋಟೆಲಿಗರು ತಪ್ಪದೆ ನೋಡಬೇಕಾದ ಇನ್ನೊಂದು ಜಾಗ ವೆಳಿಯ ಧೋಬಿ ಖಾನಾ. ಡಚ್ಚರ ಕಾಲದಲ್ಲಿ ಸೈನಿಕರ ಬಟ್ಟೆ ಒಗೆಯಲು ತಮಿಳುನಾಡಿನಿಂದ ಕರೆತಂದವರ ವಂಶದವರು ಇಂದಿಗೂ ಇಲ್ಲಿ ಕೈಯಲ್ಲೇ ಒಗೆಯುತ್ತಾರೆ. ಈಗಿನ ಕಟ್ಟಡ 1976ರದು. ಸಾಲಾಗಿ ಕಲ್ಲಿನ ತೊಟ್ಟಿಗಳು, ಹಿಂದೆ ಒಣಹಾಕುವ ಬಯಲು, ಕ್ಲಿಪ್ಪಿನ ಬದಲು ಹಗ್ಗದ ಹುರಿಯ ಎಳೆಗಳ ನಡುವೆ ಬಟ್ಟೆಯ ತುದಿ ಸಿಕ್ಕಿಸುತ್ತಾರೆ. ಅಕ್ಕಿಗಂಜಿ ಹಾಕಿ, ಇದ್ದಿಲಿನ ಭಾರದ ಇಸ್ತ್ರಿ ಪೆಟ್ಟಿಗೆ ತಿಕ್ಕಿದ ಹಾಸಿಗೆ ಹೊದಿಕೆಗಳು ಕಾಗದದಂತೆ ನಿಲ್ಲುತ್ತವೆ. ಸುತ್ತಲಿನ ಹೋಮ್‌ಸ್ಟೇ, ಹೋಟೆಲುಗಳ ಬಟ್ಟೆ ಇಲ್ಲಿಗೆ ಬರುತ್ತದೆ. ನಮ್ಮಲ್ಲಿ ಲಾಡ್ಜು ನಡೆಸುವವರೊಬ್ಬರು ಒಂದು ಹೊದಿಕೆಯನ್ನು ಮುಟ್ಟಿ, ಮೂಸಿ, ಮತ್ತೆ ಮುಟ್ಟಿ, ಏನೂ ಹೇಳದೆ ಮುಂದೆ ಹೋದರು. ಅವರ ಲಾಂಡ್ರಿಯವನಿಗೆ ಗ್ರಹಚಾರ ಕಾದಿದೆ ಎಂದುಕೊಂಡೆವು.

ಮಟ್ಟಂಚೇರಿಯ ಮೆಣಸು, ಮಟ್ಟಂಚೇರಿಯ ನಮ್ಮವರು

ಫೋರ್ಟ್ ಕೊಚ್ಚಿಯಿಂದ ಮಟ್ಟಂಚೇರಿಗೆ ನೀರಿನ ಬದಿಯಲ್ಲೇ ಹೋಗುವ ರಸ್ತೆಗೆ ಬಜಾರ್ ರೋಡು ಎಂದು ಹೆಸರು. ಬೀದಿಗೆ ಸಣ್ಣ ಬಾಗಿಲು, ಒಳಗೆ ಉದ್ದಕ್ಕೂ ಗೋಡೌನು, ಹಿಂದೆ ನೇರ ನೀರು. ದೋಣಿಯಿಂದ ಮೂಟೆ ಹಿಂಬಾಗಿಲಿಗೆ ಬಂದು ಮುಂಬಾಗಿಲಿನಿಂದ ಹೊರಡುತ್ತಿತ್ತು. ಇಂದು ಹಲವು ಬಾಗಿಲುಗಳಿಗೆ ಬೀಗ. ಇನ್ನೂ ನಡೆಯುವ ಕಡೆ ಅಕ್ಕಿ, ಒಣಶುಂಠಿ, ಮೆಣಸಿನ ಘಾಟು. ಮುಚ್ಚಿದ ಗೋಡೌನುಗಳಿಗೆ ಒಂದು ದಾರಿ ತೋರಿಸಿದ್ದು ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ಕಲಾ ಪ್ರದರ್ಶನ. 12-12-2012ರಂದು ಪ್ರಾರಂಭವಾದ ಅದರ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸು, ಸಂಬಾರ ವ್ಯಾಪಾರದ ಹಳೆಯ ಕಂಪನಿಯ ಕಟ್ಟಡ. ಅದೇ ಆಸ್ಪಿನ್‌ವಾಲಿನವರು ಮಂಗಳೂರಿನಲ್ಲಿ ಕಾಫಿ ಹದಮಾಡುವ ಕಾರ್ಖಾನೆ ನಡೆಸಿದ್ದನ್ನು ನಮ್ಮ ದಕ್ಷಿಣ ಕನ್ನಡದ ಸದಸ್ಯರು ಬಲ್ಲರು. ಚಿತ್ರಕಲೆ ನಮಗೆ ಅಷ್ಟಾಗಿ ಅರ್ಥವಾಗದು. ಹಳೆಯ ಗೋಡೌನನ್ನು ಕೆಡವದೆ, ಸುಣ್ಣ ಹೊಡೆದು, ಬಾಗಿಲು ತೆರೆದು ಜನ ಕರೆಸಿದರಲ್ಲ, ಅದು ಅರ್ಥವಾಗುತ್ತದೆ.

ಯಹೂದಿಗಳ ಬೀದಿಯಲ್ಲಿ 1568ರ ಪರದೇಶಿ ಸಿನಗಾಗ್ ಇದೆ. ನೆಲಕ್ಕೆ ಹಾಸಿದ್ದು ಚೀನಾದಿಂದ ತಂದ ಕೈಬರಹದ ನೀಲಿ-ಬಿಳಿ ಹಂಚುಗಳು, ಒಂದರಂತೆ ಒಂದಿಲ್ಲವಂತೆ. ಚಪ್ಪಲಿ ಬಿಟ್ಟು ಹೋಗಬೇಕು. ಇಸ್ರೇಲ್ ಹುಟ್ಟಿದ ಮೇಲೆ ಒಂದೊಂದೇ ಕುಟುಂಬ ಹೊರಟು ಇಂದು ಆ ಸಮುದಾಯ ಇಲ್ಲಿ ಇಲ್ಲವೆನ್ನುವಷ್ಟು ಕಡಮೆ. ಬೀದಿ ತುಂಬ ಕರಕುಶಲ ವಸ್ತುಗಳ ಅಂಗಡಿಗಳು, ಸಂಬಾರ ಪದಾರ್ಥಗಳನ್ನು ಬಣ್ಣ ಬಣ್ಣವಾಗಿ ಜೋಡಿಸಿಟ್ಟ ಅಂಗಡಿಗಳು.

ಅಲ್ಲಿ ಮೆಣಸು ಕೊಳ್ಳಬೇಡಿ ಎಂದು ಹೇಳುವುದಿಲ್ಲ, ಆದರೆ ನೋಡಿ ಕೊಳ್ಳಿ. ಇದೇ ಬೀದಿಯಲ್ಲಿ 1957ರಿಂದ ಮೆಣಸಿನ ವಾಯಿದಾ ವ್ಯಾಪಾರ ನಡೆಸಿದ ವ್ಯಾಪಾರಿಗಳ ಸಂಸ್ಥೆಯಿದೆ. ಅವರ ಭಾಷೆಯಲ್ಲಿ ಮೆಣಸಿನ ಗುಣವೆಂದರೆ ಲೀಟರ್ ತೂಕ. ಒಂದು ಲೀಟರ್ ಅಳತೆಯ ಕಾಳು 500 ಗ್ರಾಂ ತೂಗುತ್ತದೋ 550 ತೂಗುತ್ತದೋ ಎಂಬುದರ ಮೇಲೆ ದರ. ಜೊಳ್ಳು ಹೆಚ್ಚಾದಷ್ಟೂ ತೂಕ ಕಡಮೆ. ನಮ್ಮ ಅಡುಗೆಮನೆಯಲ್ಲಿ ಲೀಟರ್ ಮಾಪು ಇದೆ, ತಕ್ಕಡಿಯೂ ಇದೆ. ಮೆಣಸು ತರುವವನ ಎದುರಿಗೆ ಒಮ್ಮೆ ತೂಗಿದರೆ ಸಾಕು. ಪಪ್ಪಾಯಿ ಬೀಜ ಬೆರೆಸಿದ್ದರೆ ನೀರಿನಲ್ಲಿ ಹಾಕಿ, ಅದು ತೇಲುತ್ತದೆ, ಬಲಿತ ಮೆಣಸು ಮುಳುಗುತ್ತದೆ. ಇನ್ನೊಂದು ಮಾತು: ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವುದು ಕೇರಳವಲ್ಲ, ಕರ್ನಾಟಕ. ಕೊಚ್ಚಿಯ ಅಂಗಡಿಯ ಗಾಜಿನ ಭರಣಿಯೊಳಗಿರುವುದು ಕೊಡಗಿನ ಕಾಳೇ ಆಗಿದ್ದರೂ ಆಶ್ಚರ್ಯವಿಲ್ಲ.

ಮಟ್ಟಂಚೇರಿ ಅರಮನೆಯನ್ನು 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿ ಕೊಚ್ಚಿಯ ರಾಜನಿಗೆ ಒಪ್ಪಿಸಿದರು, ಡಚ್ಚರು ರಿಪೇರಿ ಮಾಡಿದ್ದರಿಂದ ಡಚ್ ಅರಮನೆ ಎಂಬ ಹೆಸರು ಅಂಟಿತು. ಗೋಡೆಯ ಮೇಲಿನ ರಾಮಾಯಣದ ಚಿತ್ರಗಳಿಗಾಗಿ ಹೋಗಲೇಬೇಕು.

ಆದರೆ ನಮ್ಮ ಮನಸ್ಸು ತುಂಬಿದ್ದು ಚೆರ್ಲಾಯಿಯಲ್ಲಿ. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳದೆ ಹೊರಟ ಕೊಂಕಣಿಗರಲ್ಲಿ ಕೆಲವರು ಭಟ್ಕಳ, ಕುಂದಾಪುರ, ಮಂಗಳೂರಿನಲ್ಲಿ ನೆಲೆ ನಿಂತರೆ ಇನ್ನು ಕೆಲವರು ಇಲ್ಲಿಯವರೆಗೆ ಬಂದರು. ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ ಅವರ ಕೇರಿ. ನಮ್ಮಲ್ಲಿ ಮಾಟುಂಗದಲ್ಲಿ ಹೋಟೆಲು ಇರುವ ಪೈ ಮನೆತನದವರು ದೇವಸ್ಥಾನದ ಹೊರಗೆ ಒಬ್ಬ ಅಜ್ಜಿಯನ್ನು ಕೊಂಕಣಿಯಲ್ಲಿ ಮಾತಾಡಿಸಿದರು. ಆಕೆಯ ಕೊಂಕಣಿಯಲ್ಲಿ ಮಲಯಾಳದ ರಾಗ, ಇವರದರಲ್ಲಿ ಕನ್ನಡ-ಮರಾಠಿಯ ಬೆರಕೆ. ಆದರೂ ದಾಳಿತೋಯ್ ಎಂದಾಗ ಇಬ್ಬರ ಮುಖವೂ ಅರಳಿತು. ಡಚ್ ಗವರ್ನರ್ ವಾನ್ ರೀಡೆ ಮಲಬಾರಿನ ಗಿಡಮರಗಳ ಬಗ್ಗೆ ಹನ್ನೆರಡು ಸಂಪುಟಗಳ 'ಹೋರ್ತುಸ್ ಮಲಬಾರಿಕುಸ್' ಬರೆಸಿದಾಗ, ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜತೆಗೆ ನೆರವಾದವರು ಈ ಕೇರಿಯ ಸಮಾಜದ ಮೂವರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಮೊದಲ ಸಂಪುಟದಲ್ಲಿ ಅವರ ಪ್ರಮಾಣಪತ್ರ ನಾಗರಿ ಲಿಪಿಯ ಕೊಂಕಣಿಯಲ್ಲೇ ಇದೆ. ಊರು ಬಿಟ್ಟು ಹೋದವರು ಹೋದ ಊರಿನಲ್ಲಿ ಏನು ಮಾಡಿದರು ಎಂಬುದಕ್ಕೆ ನಮ್ಮಂಥ ಹೊರನಾಡಿಗರು ಇದನ್ನು ನೆನೆಯಬಹುದು.

ಮರಡಿನ ಖಾಲಿ ಜಾಗ

ಮೂರನೆಯ ದಿನ ನಮ್ಮ ಪ್ಲಾನು ತಯಾರಿರುವ ಸದಸ್ಯರನ್ನು ಮರಡಿಗೆ ಕರೆದುಕೊಂಡು ಹೋದೆವು. ಯಾವ ಪ್ರವಾಸಿ ನಕಾಶೆಯಲ್ಲೂ ಇದು ಬರುವುದಿಲ್ಲ. ಕೊಚ್ಚಿ ನಗರಕ್ಕೆ ತಾಗಿಕೊಂಡ ಊರು, ಹಿನ್ನೀರಿನ ಸುಂದರ ದಡ. ಅಲ್ಲಿ ಬಹುಮಹಡಿಯ ನಾಲ್ಕು ವಸತಿ ಸಮುಚ್ಚಯಗಳು ಎದ್ದಿದ್ದವು. ಅಂದಿನ ಪಂಚಾಯತಿನ ಪರವಾನಿಗೆ ಇತ್ತು, ಜನ ಹಣ ಕೊಟ್ಟು ಮನೆ ಕೊಂಡು ಸಂಸಾರ ಹೂಡಿದ್ದರು. ಆದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಮುರಿದು ಕಟ್ಟಿದ್ದೆಂದು 2019ರಲ್ಲಿ ಸುಪ್ರೀಂ ಕೋರ್ಟು ಕೆಡವಲು ಆಜ್ಞೆ ಮಾಡಿತು. 2020ರ ಜನವರಿ 11 ಮತ್ತು 12ರಂದು ಸಿಡಿಮದ್ದು ಇಟ್ಟು ನಾಲ್ಕನ್ನೂ ಉರುಳಿಸಿದರು. ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ, ಕೆಲವೇ ಕ್ಷಣಗಳ ಕೆಲಸ. ಆಲಪ್ಪುಳ ಜಿಲ್ಲೆಯ ದ್ವೀಪವೊಂದರಲ್ಲಿ 54 ವಿಲ್ಲಾಗಳ ರೆಸಾರ್ಟಿಗೂ ಅದೇ ಕಾರಣಕ್ಕೆ ಅದೇ ಗತಿಯಾಯಿತು, 2022ರ ಸೆಪ್ಟೆಂಬರಿನಲ್ಲಿ ಕೆಡವಲು ತೊಡಗಿದರು.

ಆದ್ದರಿಂದ ಊರಿನ ಜಾಗದ ಮೇಲೆ ಕಣ್ಣಿಟ್ಟವರು ಒಂದು ವಿಷಯ ತಿಳಿದಿರಲಿ. 2019ರ ಕೇಂದ್ರ ಅಧಿಸೂಚನೆಯಂತೆ ಗ್ರಾಮೀಣ ಕಡಲ ದಡದಲ್ಲಿ ಜನಸಾಂದ್ರತೆ 2011ರ ಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿದ್ದ ಕಡೆ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಕಟ್ಟುವಂತಿಲ್ಲದ ಪ್ರದೇಶ. ನಿಯಮ ಸಮುದ್ರಕ್ಕೆ ಮಾತ್ರವಲ್ಲ, ಉಬ್ಬರದ ನೀರು ಏರುವ ಹೊಳೆ, ಅಳಿವೆ, ಕಾಂಡ್ಲಾವನಗಳ ಬದಿಗೂ ಇದೆ. ಪಂಚಾಯತಿನ ಸೀಲು ಬಿದ್ದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಎಲ್ಲಿ ಬೀಳುತ್ತದೆ ಎಂದು ನೋಡಿಸಿಕೊಂಡೇ ಎಂಜಿನಿಯರರ ಹತ್ತಿರ ಹೋಗುವುದು ಒಳ್ಳೆಯದು.

ನಮ್ಮ ಸದಸ್ಯರು ಮರಡಿನ ದಡದಲ್ಲಿ ಬಹಳ ಹೊತ್ತು ಮಾತಾಡದೆ ನಿಂತರು. ಅವರ ಪ್ಲಾನಿನಲ್ಲಿ ಹೊಳೆಯ ಬದಿಗೆ ಉದ್ದಕ್ಕೂ ಕಾಂಪೌಂಡು, ಅದರೊಳಗೆ ಹನ್ನೆರಡು ಕೋಣೆ ಮತ್ತು ಈಜುಕೊಳ ಇತ್ತು. ಈಗ ಆ ಹೊಳೆ ಬದಿಯಲ್ಲಿ ದೋಣಿ ಎಳೆದಿಡುವವರು, ಬಲೆ ಒಣಗಿಸುವವರು ಇದ್ದಾರೆ. ಕಾಂಪೌಂಡು ಬಂದರೆ ಅವರು ಸುತ್ತು ಹಾಕಿ ಹೋಗಬೇಕು. ವಾಪಸು ಬರುವ ರೈಲಿನಲ್ಲಿ ಅವರೇ ಮಾತು ತೆಗೆದರು. ಹೊಳೆ ಬದಿಯನ್ನು ಹಾಗೆಯೇ ಬಿಟ್ಟು, ರಸ್ತೆ ಬದಿಯ ಹಳೆಯ ನಾಲ್ಕಂಕಣದ ಮನೆಯನ್ನು ರಿಪೇರಿ ಮಾಡಿಸಿ ನಾಲ್ಕು ಕೋಣೆಯಿಂದ ಪ್ರಾರಂಭಿಸಿದರೆ ಹೇಗೆ, ಮೀನು ಆ ದೋಣಿಯವರಿಂದಲೇ ಕೊಂಡರೆ ಹೇಗೆ ಎಂದು. ಮಗ ಒಪ್ಪಬೇಕು. ಆತನಿಗೆ ಈಜುಕೊಳದ ಮೇಲೆ ಇನ್ನೂ ಮನಸ್ಸಿದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು. ಬ್ಯಾಂಕಿನ ಅರ್ಜಿಯನ್ನಂತೂ ಸದ್ಯ ತಡೆಹಿಡಿದಿದ್ದಾರೆ.

ಹೋಗಬೇಕೆನ್ನುವ ಸದಸ್ಯರಿಗೆ ಕೆಲವು ಮಾತು. ಅರಮನೆ ಶುಕ್ರವಾರ ಮುಚ್ಚಿರುತ್ತದೆ, ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಹಾಗಾಗಿ ಭಾನುವಾರದಿಂದ ಗುರುವಾರದೊಳಗೆ ಮಟ್ಟಂಚೇರಿ ಮುಗಿಸಿಕೊಳ್ಳಿ. ಬಲೆ ನೋಡಲು ಸಂಜೆಗಿಂತ ಬೆಳಿಗ್ಗೆ ಉತ್ತಮ, ಗುಂಪು ಕಡಮೆ, ಎಳೆಯುವವರಿಗೂ ಮಾತಿಗೆ ಬಿಡುವು. ಹಗ್ಗ ಹಿಡಿದು ಫೋಟೊ ತೆಗೆಸಿಕೊಂಡರೆ ಕೈಬಿಚ್ಚಿ ಕೊಡಿ. ವಾಹನ ಇದ್ದವರು 2018ರಿಂದ ನಡೆಯುತ್ತಿರುವ ರೋರೋ ಹಡಗಿನಲ್ಲಿ ಕಾರು ಸಮೇತ ವೈಪಿನ್ ದ್ವೀಪಕ್ಕೆ ದಾಟಬಹುದು. ಡಿಸೆಂಬರ್ ಕೊನೆಯ ವಾರದಲ್ಲಿ ಮಾತ್ರ ಮುಂಗಡ ಕಾಯ್ದಿರಿಸದೆ ಹೊರಡಬೇಡಿ. ಕಾರ್ನಿವಾಲ್ ನಡೆದು 31ರ ಮಧ್ಯರಾತ್ರಿ ಪಾಪಾಂಜಿ ಎಂಬ ಮುದುಕನ ಬೊಂಬೆ ಸುಡುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ, ಕೋಣೆ ಸಿಗುವುದು ಕಷ್ಟ.